ರೊಟ್ಟಿ ಒಗ್ಗದವರ ಚರಿತ್ರೆ



ಕೆಲವು ವರ್ಷಗಳ ಹಿಂದಿನ ಮಾತು. ಮಕ್ಕಳ ಪ್ರಥಮ ಪರಮಪ್ರಸಾದದ ಸಿದ್ಧತೆ ನಡೆದಿತ್ತು. ಭಾನುವಾರದ ಮೊದಲ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ಸಕ್ರಿಸ್ತಿಯ ಬಾಗಿಲಲ್ಲಿ ನಿಂತಿದ್ದರು. "ಸ್ವಾಮಿ, ನನ್ನ ಮಗಳಿಗೆ ಗೋಧಿ ಆಗುವುದಿಲ್ಲ. ಒಂದು ಚೂರು ಹೊಟ್ಟೆಗೆ ಹೋದರೂ ತೊಂದರೆ ಎಂದು ಡಾಕ್ಟರು ಹೇಳಿದ್ದಾರೆ. ಏನು ಮಾಡಲಿ?" ಎಂದು ಕೇಳಿದರು. ಎರಡನೆಯ ಪೂಜೆಗೆ ಹೊತ್ತಾಗುತ್ತಿತ್ತು. "ಅಷ್ಟು ತೆಳುವಾದ ಓಸ್ತಿಯಿಂದ ಏನಾದೀತಮ್ಮ? ವಿಶ್ವಾಸವಿರಲಿ" ಎಂದುಬಿಟ್ಟೆ. ಆಕೆ ಮರುಮಾತಾಡದೆ ಹೊರಟುಹೋದರು. ಮುಂದಿನ ವಾರ ಆ ಮಗು ಜ್ಞಾನೋಪದೇಶದ ತರಗತಿಗೆ ಬರಲಿಲ್ಲ; ಅದರ ಮುಂದಿನ ವಾರವೂ ಬರಲಿಲ್ಲ.

ನನ್ನ ಆ ಒಂದು ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಒಂದು ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ್ದು. ಮತ್ತೊಂದು ನಾನೇ ಗುರುಮಠದಲ್ಲಿ ಓದಿ ಪರೀಕ್ಷೆ ಬರೆದಿದ್ದ ವಿಷಯಕ್ಕೆ ಸಂಬಂಧಿಸಿದ್ದು. ಎರಡನೆಯದೇ ನನ್ನನ್ನು ಹೆಚ್ಚು ನಾಚಿಸಿತು. ಆ ನಾಚಿಕೆಯಿಂದಲೇ ಈ ಕಾಯಿಲೆಯ ಚರಿತ್ರೆಯನ್ನು ಓದಲು ಕುಳಿತೆ. ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿಯ ಹಿಟ್ಟನ್ನು ನಾದಿದಾಗ ಅದು ಜಿಗುಟಾಗಿ ಎಳೆದಂತೆ ಹಿಗ್ಗುತ್ತದಲ್ಲವೇ, ಆ ಜಿಗುಟಿಗೆ ಕಾರಣ ಗ್ಲುಟೆನ್ ಎಂಬ ಸಸಾರಜನಕ. ಲತೀನಿನಲ್ಲಿ ಆ ಪದಕ್ಕೆ ಅಂಟು ಎಂದೇ ಅರ್ಥ. ಗೋಧಿಯಲ್ಲಿರುವಂತೆ ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಇದೇ ಬಗೆಯ ಅಂಟಿದೆ. ಸೀಲಿಯಾಕ್ ಇರುವವರ ಹೊಟ್ಟೆಗೆ ಇದು ಸೇರಿದಾಗ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಮೈಯನ್ನು ಹಾಳುಗೆಡವುತ್ತದೆ. ಅಲ್ಲಿ ಮಖಮಲ್ಲಿನ ನವಿರಿನಂತೆ ಹರಡಿ ಆಹಾರದ ಸತ್ತ್ವವನ್ನು ಹೀರಿಕೊಳ್ಳುವ ಸೂಕ್ಷ್ಮ ಎಳೆಗಳು ಸವೆದುಹೋಗುತ್ತವೆ. ಉಂಡರೂ ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ, ರಕ್ತ ಕುಗ್ಗುತ್ತದೆ, ಮಗುವಿನ ಬೆಳವಣಿಗೆ ನಿಲ್ಲುತ್ತದೆ. ಇದಕ್ಕೆ ಇಂದಿಗೂ ಇರುವ ಚಿಕಿತ್ಸೆ ಒಂದೇ: ಜೀವಮಾನವಿಡೀ ಆ ಧಾನ್ಯಗಳನ್ನು ಬಿಡುವುದು.

ಹೆಸರು ಮಾತ್ರ ಬಹಳ ಹಳೆಯದು. ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ಬಾಳಿದ ಕಪ್ಪದೋಕ್ಯದ ಅರಿತಾಯುಸ್ ಎಂಬ ಗ್ರೀಕ್ ವೈದ್ಯ, ಉಂಡದ್ದು ಪಚನವಾಗದೆ ಸೊರಗುವವರನ್ನು 'ಕೊಯಿಲಿಯಾಕೋಸ್' ಎಂದು ಕರೆದ. 'ಕೊಯಿಲಿಯಾ' ಎಂದರೆ ಉದರ. ಸಂತ ಲೂಕರ ಶುಭಸಂದೇಶದಲ್ಲಿ ಎಲಿಜಬೇತಮ್ಮನವರು ಮಾತೆ ಮರಿಯಮ್ಮನವರನ್ನು ಹರಸುವಾಗ ಬಳಸಿರುವ ಗ್ರೀಕ್ ಪದವೂ ಇದೇ. 'ನಮೋ ಮರಿಯ' ಜಪದಲ್ಲಿ 'ಉದರ' ಎನ್ನುವಾಗಲೆಲ್ಲ ನಾವು ಆ ಪದವನ್ನೇ ಕನ್ನಡದಲ್ಲಿ ನುಡಿಯುತ್ತಿದ್ದೇವೆ. ಇದು ವಿಷಯಾಂತರವೆನ್ನಿಸಬಹುದು, ಆದರೆ ಗ್ರೀಕ್ ಕಲಿಯಲು ಪಟ್ಟ ಪಾಡು ಇಷ್ಟಕ್ಕಾದರೂ ಒದಗಿತಲ್ಲ ಎಂದು ನನಗೆ ಸಂತೋಷವಾಯಿತು.

ಅರಿತಾಯುಸನ ಅನಂತರ ದೀರ್ಘಕಾಲ ಈ ರೋಗದ ಮೂಲ ಯಾರಿಗೂ ತಿಳಿಯಲಿಲ್ಲ. 1887ರ ಅಕ್ಟೋಬರಿನಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಇದರ ಕುರಿತು ಉಪನ್ಯಾಸ ನೀಡಿ, ಮರುವರ್ಷ ಅದನ್ನು ಪ್ರಕಟಿಸಿದರು. ರೋಗ ವಾಸಿಯಾಗುವುದಾದರೆ ಅದು ಪಥ್ಯದಿಂದಲೇ ಎಂಬುದು ಅವರ ನಿಲುವಾಗಿತ್ತು. ಎಷ್ಟು ಸರಿಯಾದ ಮಾತು! ಆದರೆ ಯಾವ ಪಥ್ಯ? ಅಕ್ಕಿ, ಸಾಬೂದಾನಿ ಕೂಡದೆಂದರು. ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಗೋಧಿ ರೊಟ್ಟಿ ಆಗಬಹುದೆಂದರು. ಮದ್ದನ್ನು ತೆಗೆದಿಟ್ಟು ವಿಷವನ್ನು ಬಡಿಸಿದಂತಾಯಿತು. ಅವರನ್ನು ಹಳಿಯಲು ನನಗೆ ಬಾಯಿಲ್ಲ. ಅವರ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಕಾಲಕ್ಕೆ ಗೊತ್ತಿತ್ತು. ಅವರೇ ಬರೆದಿಟ್ಟ ಇನ್ನೊಂದು ಸಂಗತಿಯಿದೆ. ದಿನವೂ ಹಾಲೆಂಡಿನ ಮರುವಾಯಿಗಳನ್ನು ತಿಂದ ಮಗುವೊಂದು ಸೊಗಸಾಗಿ ಚೇತರಿಸಿಕೊಂಡಿತು. ಮರುವಾಯಿಯ ಕಾಲ ಮುಗಿದೊಡನೆ ಮತ್ತೆ ಸೊರಗಿತು. ಮುಂದಿನ ಹಂಗಾಮಿಗೆ ಅವನ್ನು ಬಾಯಲ್ಲಿಡಲೂ ಒಪ್ಪಲಿಲ್ಲ. ಮಕ್ಕಳಿಗೆ ಉಣಿಸಿದ ತಾಯಂದಿರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಅವರು ಬಾಳೆಹಣ್ಣಿನ ಪಥ್ಯವನ್ನು ತಂದರು. ರೊಟ್ಟಿಯನ್ನೂ ಧಾನ್ಯಗಳನ್ನೂ ಬಿಡಿಸಿದ್ದರಿಂದ ಮಕ್ಕಳು ಬದುಕಿದರು. ಕೀರ್ತಿ ಮಾತ್ರ ಬಾಳೆಹಣ್ಣಿಗೆ ಹೋಯಿತು.

ನಿಜವಾದ ಬೆಳಕು ಬಂದದ್ದು ಹಾಲೆಂಡಿನ ಹೇಗ್ ನಗರದಿಂದ. ವಿಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು 1936ರಲ್ಲಿ, ಕೇವಲ 31ರ ವಯಸ್ಸಿಗೆ, ಅಲ್ಲಿನ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ತನ್ನ ಮಗುವಿಗೆ ರೊಟ್ಟಿ ನಿಲ್ಲಿಸಿದೊಡನೆ ಮೈಮೇಲಿನ ಗುಳ್ಳೆಗಳು ಮಾಯವಾದವೆಂದು ತಾಯಿಯೊಬ್ಬಳು ಹೇಳಿದ ಮಾತು ಅವರನ್ನು ಯೋಚನೆಗೆ ಹಚ್ಚಿತೆಂದು ಹೇಳುತ್ತಾರೆ. ಡಿಕೆ ಆ ತಾಯಿಯ ಮಾತಿಗೆ ಕಿವಿಗೊಟ್ಟರು. ಗೋಧಿಯಿಲ್ಲದ ಪಥ್ಯವನ್ನು 1930ರ ದಶಕದಲ್ಲೇ ಪರೀಕ್ಷಿಸತೊಡಗಿದರು. 1941ರಲ್ಲಿ, ದೇಶ ಜರ್ಮನರ ವಶದಲ್ಲಿದ್ದಾಗ, ಯುದ್ಧದಿಂದಾಗಿ ಬಾಳೆಹಣ್ಣು ಸಿಗದಿರುವುದರಿಂದ ರೊಟ್ಟಿ, ರಸ್ಕುಗಳಿಲ್ಲದ ಸರಳ ಊಟವನ್ನೇ ಕೊಡುತ್ತಿದ್ದೇನೆ, ಮಕ್ಕಳು ಚೇತರಿಸುತ್ತಿದ್ದಾರೆ ಎಂದು ಪ್ರಕಟಿಸಿದರು. ಹಾಗಾಗಿ ಬರಗಾಲದಲ್ಲಿ ಅಕಸ್ಮಾತ್ತಾಗಿ ಹೊಳೆದ ಸತ್ಯವಿದು ಎಂದು ಹಲವೆಡೆ ಹೇಳುವ ಕಥೆ ಪೂರ್ತಿ ನಿಜವಲ್ಲ. ಬರಗಾಲ ಅವರಿಗೆ ಸಾಕ್ಷ್ಯವನ್ನು ಒದಗಿಸಿತು, ಅಷ್ಟೆ.

ಆದರೆ ಅದೆಂಥ ಬರಗಾಲ! 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ರೈಲ್ವೆ ನೌಕರರು ಜರ್ಮನರ ವಿರುದ್ಧ ಮುಷ್ಕರ ಹೂಡಿದರು. ಸೇಡಿಗಾಗಿ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಣೆಯನ್ನು ತಡೆದರು. ಆ ಚಳಿಗಾಲದಲ್ಲಿ ಆಮ್ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಹೇಗ್ ನಗರಗಳ ಜನ ಸಕ್ಕರೆ ಬೀಟಿನ ಗೆಡ್ಡೆಗಳನ್ನೂ ಟ್ಯುಲಿಪ್ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಸುಮಾರು 20 ಸಾವಿರ ಮಂದಿ ಸತ್ತರು. ಇಡೀ ಊರು ಬಡಕಲಾಗುತ್ತಿದ್ದ ಆ ದಿನಗಳಲ್ಲಿ, ಸದಾ ಸೊರಗಿರುತ್ತಿದ್ದ ಸೀಲಿಯಾಕ್ ಮಕ್ಕಳು ಮಾತ್ರ ಹದಗೆಡಲಿಲ್ಲ, ರೊಟ್ಟಿಯೇ ಇರಲಿಲ್ಲವಲ್ಲ! 1945ರ ಏಪ್ರಿಲ್ 29ರಿಂದ ಮಿತ್ರರಾಷ್ಟ್ರಗಳ ವಿಮಾನಗಳು ಆಕಾಶದಿಂದ ಆಹಾರದ ಮೂಟೆಗಳನ್ನು ಸುರಿಸತೊಡಗಿದವು. ಬ್ರಿಟಿಷರು ಆ ಕಾರ್ಯಾಚರಣೆಗೆ ವಿಮೋಚನಾಕಾಂಡದಿಂದಲೇ 'ಮನ್ನಾ' ಎಂಬ ಹೆಸರಿಟ್ಟಿದ್ದರು. ಬಿಳಿ ರೊಟ್ಟಿಗೆ ಊರಿಗೆ ಊರೇ ಕಣ್ಣೀರು ಸುರಿಸಿ ಕೃತಜ್ಞತೆ ಹೇಳಿತು. ಆ ರೊಟ್ಟಿ ಮರಳಿ ಬಂದಾಗ ಸೀಲಿಯಾಕ್ ಮಕ್ಕಳು ಮತ್ತೆ ಹಾಸಿಗೆ ಹಿಡಿದರು.

ಡಿಕೆ 1947ರಲ್ಲಿ ನ್ಯೂಯಾರ್ಕಿನ ಸಮ್ಮೇಳನಕ್ಕೆ ಹೋಗಿ ಸಹವೈದ್ಯರಿಗೆ ಇದನ್ನು ಹೇಳಿದರೆ ನಂಬಿದವರೇ ಇಲ್ಲ. ಅವರು ಊರಿಗೆ ಮರಳಿ, ವೇಯರ್ಸ್ ಮತ್ತು ವಾನ್ ಡಿ ಕಾಮರ್ ಎಂಬ ಸಹೋದ್ಯೋಗಿಗಳೊಡನೆ, ಯಾವ ಧಾನ್ಯ ಕೊಟ್ಟಾಗ ಮಕ್ಕಳ ಮಲದಲ್ಲಿ ಜೀರ್ಣವಾಗದ ಕೊಬ್ಬು ಎಷ್ಟು ಹೋಗುತ್ತದೆಂದು ತಾಳ್ಮೆಯಿಂದ ಅಳೆದರು. ಗೋಧಿ ಮತ್ತು ರೈ ಕೊಟ್ಟಾಗ ಏರಿತು. ಅಕ್ಕಿ, ಮೆಕ್ಕೆಜೋಳಗಳಿಂದ ಏರಲಿಲ್ಲ. 1950ರಲ್ಲಿ ಪ್ರಬಂಧ ಮಂಡಿಸಿದರು. ಗೋಧಿಯ ಪಿಷ್ಟದಲ್ಲಿ ದೋಷವಿಲ್ಲ, ಅಂಟಿನಲ್ಲಿದೆ ಎಂಬುದು ಮುಂದಿನ ಎರಡು ಮೂರು ವರ್ಷಗಳಲ್ಲಿ ಸ್ಥಿರಪಟ್ಟಿತು.

ಇದೆಲ್ಲ ಯೂರೋಪಿನ ಮಾತಾಯಿತು, ನಮಗೇನು ಎನ್ನುತ್ತೀರಾ? 2016ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದ ಪ್ರಕಾರ ಉತ್ತರದಲ್ಲಿ ಪರೀಕ್ಷಿಸಿದವರಲ್ಲಿ ಶೇಕಡಾ 1.23 ಮಂದಿಯ ರಕ್ತದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳಿದ್ದರೆ, ದಕ್ಷಿಣದಲ್ಲಿ ಶೇಕಡಾ 0.10, ಎಂದರೆ ಸಾವಿರಕ್ಕೆ ಒಬ್ಬರು. ಆದರೆ ರೋಗಕ್ಕೆ ಎಡೆಮಾಡುವ ವಂಶವಾಹಿ ಗುಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ಅಂತರವಿದ್ದದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ ಉಂಡು ಬೆಳೆದ ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ಈ ರೋಗ ತಲೆಯೆತ್ತಲು ಅವಕಾಶವೇ ಸಿಕ್ಕಿರಲಿಕ್ಕಿಲ್ಲ. ಈಗ ನಮ್ಮ ಮನೆಗಳಲ್ಲೂ ಬೆಳಿಗ್ಗೆ ಬ್ರೆಡ್ಡು, ಸಂಜೆ ಬಿಸ್ಕತ್ತು, ರಾತ್ರಿ ಚಪಾತಿ. ಎಷ್ಟೇ ಅಪರೂಪವೆಂದರೂ ದೊಡ್ಡ ಧರ್ಮಕೇಂದ್ರದಲ್ಲಿ ಇಂಥವರು ಇದ್ದಾರು.

ಇನ್ನು ನನ್ನ ಎರಡನೆಯ ತಪ್ಪಿಗೆ ಬರೋಣ.

ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಆರ್ಮೇನಿಯದ ಕ್ರೈಸ್ತರಿಗೆ ನೀಡಿದ ಆದೇಶದಲ್ಲೂ ಇದಿದೆ, ಇಂದಿನ ಕಾನೂನು ಸಂಹಿತೆಯ 924ನೆಯ ವಿಧಿಯಲ್ಲೂ ಇದಿದೆ. ಅಕ್ಕಿಯ ರೊಟ್ಟಿ ಏಕಾಗದು ಎಂದು ಕೇಳುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ. ಪ್ರಭು ತಮ್ಮ ಕೈಗೆತ್ತಿಕೊಂಡುದನ್ನು ಬದಲಿಸುವ ಅಧಿಕಾರ ತನಗಿಲ್ಲವೆಂದು ಧರ್ಮಸಭೆ ತಿಳಿದುಕೊಂಡಿದೆ. ಅದಕ್ಕೆಂದೇ ಗ್ಲುಟೆನ್ ಪೂರ್ತಿ ತೆಗೆದ ಅಪ್ಪಕ್ಕೆ ರೋಮ್ 1982ರಲ್ಲಿ ಒಪ್ಪಲಿಲ್ಲ. 1995ರಲ್ಲಿ, ರೊಟ್ಟಿಯಾಗುವಷ್ಟು ಗ್ಲುಟೆನ್ ಉಳಿದಿದ್ದರೆ ಸಾಕೆಂದು ಹೇಳಿತು. ಅದೇ ಪತ್ರದಲ್ಲಿ ಸೀಲಿಯಾಕ್ ಇರುವ ಯುವಕರಿಗೆ ಯಾಜಕದೀಕ್ಷೆ ಕೊಡಲಾಗದೆಂದೂ ಇತ್ತು. ಅದನ್ನು ಓದಿದ ಯಾವ ಗುರುಮಠದ ವಿದ್ಯಾರ್ಥಿ ಕಣ್ಣೀರಿಟ್ಟನೋ ನಾನರಿಯೆ. 2003ರ ಜುಲೈ 24ರ ಪತ್ರ ಅದನ್ನು ಸಡಿಲಿಸಿ, ಬಹಳ ಎಚ್ಚರದಿಂದ ನಡೆಯಬೇಕೆಂದಷ್ಟೇ ಹೇಳಿತು. 2017ರ ಪತ್ರದಲ್ಲೂ ರೊಟ್ಟಿಯ ನಿಯಮ ಹಾಗೆಯೇ ಉಳಿಯಿತು. ಅಮೆರಿಕಾದ ಮಿಸೌರಿಯ ಕ್ಲೈಡ್ ಎಂಬಲ್ಲಿನ ಬೆನೆಡಿಕ್ಟೈನ್ ಭಗಿನಿಯರು ಬಹುಕಾಲ ಹೆಣಗಿ, ಶೇಕಡಾ 0.01ರಷ್ಟು ಮಾತ್ರ ಗ್ಲುಟೆನ್ ಇರುವ ಗೋಧಿಯ ಅಪ್ಪವನ್ನು ಸಿದ್ಧಪಡಿಸಿದ್ದಾರೆ. ಧರ್ಮಾಧ್ಯಕ್ಷರ ಅನುಮತಿ ಮತ್ತು ವೈದ್ಯರ ಸಲಹೆಯೊಡನೆ ಅದನ್ನು ಬಳಸಬಹುದು.

ಅದೂ ಆಗದವರಿಗೆ? ಇಲ್ಲಿ ಚರಿತ್ರೆಯ ಒಂದು ಸೋಜಿಗವಿದೆ. 1415ರಲ್ಲಿ ಕಾನ್‌ಸ್ಟೆನ್ಸ್ ಮಹಾಸಭೆ ಶ್ರೀಸಾಮಾನ್ಯರಿಗೆ ಪಾನಪಾತ್ರೆಯನ್ನು ಕೊಡಲಾಗದೆಂದು ನಿರ್ಧರಿಸಿತು. ಅದಕ್ಕಾಗಿ ಬೊಹೀಮಿಯದಲ್ಲಿ ಯುದ್ಧಗಳೇ ನಡೆದವು. 1562ರಲ್ಲಿ ಟ್ರೆಂಟ್ ಮಹಾಸಭೆ, ಎರಡರಲ್ಲಿ ಯಾವುದೊಂದನ್ನು ಸ್ವೀಕರಿಸಿದರೂ ಕ್ರಿಸ್ತರನ್ನು ಸಂಪೂರ್ಣವಾಗಿ ಸ್ವೀಕರಿಸಿದಂತೆ ಎಂದು ಬೋಧಿಸಿತು. ರೊಟ್ಟಿಯೊಂದೇ ಸಾಕು, ಪಾತ್ರೆ ಬೇಕಿಲ್ಲ ಎಂಬುದನ್ನು ಸಮರ್ಥಿಸಲು ಅಂದು ಹೇಳಿದ ಆ ಬೋಧನೆಯೇ ಇಂದು ಸೀಲಿಯಾಕ್ ಇರುವ ಮಗುವಿಗೆ ಪಾತ್ರೆಯೊಂದೇ ಸಾಕು ಎನ್ನಲು ಆಧಾರ. ಅವಶ್ಯಕತೆಯಿದ್ದಲ್ಲಿ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ಕೊಡಬಹುದೆಂದು 925ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಇದು ಹೊಸ ರಿಯಾಯಿತಿಯೂ ಅಲ್ಲ. 3ನೆಯ ಶತಮಾನದ ಕಾರ್ಥೇಜಿನಲ್ಲಿ ಹಸುಗೂಸಿಗೆ ಪಾತ್ರೆಯಿಂದ ಪ್ರಸಾದ ಕೊಟ್ಟುದನ್ನು ಸಂತ ಸಿಪ್ರಿಯಾನರು ಬರೆದಿದ್ದಾರೆ. ಇದನ್ನೆಲ್ಲ ಓದಿಯೂ ನಾನು ಆ ತಾಯಿಗೆ "ವಿಶ್ವಾಸವಿರಲಿ" ಎಂದಿದ್ದೆ. ವಿಶ್ವಾಸ ಆಕೆಗಿತ್ತು, ಉತ್ತರ ಕೊಡಬೇಕಾಗಿದ್ದವನು ನಾನು.

ಮೂರನೆಯ ವಾರ ಅವರ ಮನೆಗೆ ಹೋದೆ. ಕ್ಷಮೆ ಕೇಳಿದೆ. ಆಕೆ ಅಡುಗೆಮನೆಯನ್ನು ತೋರಿಸಿದರು: ಮಗಳಿಗೆ ಬೇರೆ ಕಾವಲಿ, ಬೇರೆ ಡಬ್ಬಿಗಳು. ರಾಗಿ, ಅಕ್ಕಿ, ಜೋಳವನ್ನು ತೊಳೆದು ಒಣಗಿಸಿ ಮನೆಯಲ್ಲೇ ಬೀಸುತ್ತಾರೆ. ಗಿರಣಿಯಲ್ಲಿ ಹಿಂದಿನವರ ಗೋಧಿಹಿಟ್ಟು ಬೆರೆಯುತ್ತದಲ್ಲ. ಇಂಗಿನ ಡಬ್ಬಿಯನ್ನು ತಿರುಗಿಸಿ, "ನೋಡಿ ಸ್ವಾಮಿ, ಇದಕ್ಕೂ ಗೋಧಿಹಿಟ್ಟು ಸೇರಿಸಿರುತ್ತಾರೆ" ಎಂದರು. ಮಗು ಸ್ನೇಹಿತರ ಹುಟ್ಟುಹಬ್ಬಕ್ಕೆ ತನ್ನ ತಿಂಡಿಯನ್ನು ತಾನೇ ಒಯ್ಯುತ್ತದಂತೆ.

ನಾವು ಯಾಜಕರು ಕಲಿಯಬೇಕಾದದ್ದೂ ಇದೆ. 'ದೇವರ ಕುರಿಮರಿ' ಹಾಡುವಾಗ ಮುರಿದ ಅಪ್ಪದ ಒಂದು ಚೂರನ್ನು ಪಾತ್ರೆಯಲ್ಲಿ ಹಾಕುತ್ತೇವೆ. ಹಾಗಾಗಿ ಆ ಪಾತ್ರೆಯಿಂದ ಇವರಿಗೆ ಕೊಡುವಂತಿಲ್ಲ. ಅಪ್ಪವನ್ನು ಅದ್ದಿದ ಪಾತ್ರೆಯೂ ಆಗದು. ಕಾಣಿಕೆಯ ಹೊತ್ತಿಗೇ ಬೇರೊಂದು ಚಿಕ್ಕ ಪಾತ್ರೆಯಲ್ಲಿ ದ್ರಾಕ್ಷಾರಸವಿಟ್ಟು, ಅದನ್ನು ಇತರರು ಮುಟ್ಟುವ ಮೊದಲು ಇವರಿಗೆ ಕೊಡಬೇಕು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಪೂಜೆಗೆ ಮುಂಚೆಯೇ ಗುರುಗಳಿಗೆ ತಿಳಿಸಿ. ಅವರು ಅವಸರದಲ್ಲಿದ್ದರೂ ಬಿಡಬೇಡಿ.

ಆ ವರ್ಷ ಆ ಬಾಲಕಿ ಉಳಿದ ಮಕ್ಕಳ ಸಾಲಿನಲ್ಲೇ ನಿಂತು, ಚಿಕ್ಕ ಪಾತ್ರೆಯಿಂದ ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು. ಆಮೇಲಿನ ಭಾನುವಾರಗಳಲ್ಲೂ ಗಂಟೆ ಹೊಡೆಯುವ ಮುಂಚೆ ಸಕ್ರಿಸ್ತಿಗೆ ಇಣುಕಿ, "ಬೇರೆ ಪಾತ್ರೆ ಇಟ್ಟಿದ್ದೀರಾ ಸ್ವಾಮಿ?" ಎಂದು ಕೇಳಿ, ಕಣ್ಣಾರೆ ನೋಡಿದ ಮೇಲೆಯೇ ತನ್ನ ಬೆಂಚಿಗೆ ಹೋಗುತ್ತಿದ್ದಳು.