ಕನ್ನಡ ಸಿನಿಮಾ ಮಾತು ಕಲಿತದ್ದು ಊರ ಹೊರಗೆ

ಈ ಸಲ ಬರೆದಿಟ್ಟುಕೊಳ್ಳದೆ ಕ್ಯಾಮೆರಾ ಮುಂದೆ ಕೂತಿದ್ದೆ. ಹಾಗಾಗಿ ವಿಡಿಯೋದಲ್ಲಿ ಅಲ್ಲಲ್ಲಿ ತಡವರಿಸಿದ್ದೀನಿ, ಇಲ್ಲಿ ಸ್ವಲ್ಪ ಸರಿಮಾಡಿ ಹಾಕ್ತಿದ್ದೀನಿ.

ಇದು ಶುರುವಾಗಿದ್ದು ಒಂದು ಫೋನ್ ಕಾಲಿನಿಂದ. ನಾನು ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ವಾರವೆಲ್ಲ ಹಿಂಜೆವಾಡಿಯಲ್ಲಿ ಕೆಲಸ, ಶನಿವಾರ ಭಾನುವಾರ ಗೆಳೆಯರ ಜೊತೆ ಕಿರುಚಿತ್ರ. ಹೊಸ ಚಿತ್ರದ ಸಂಭಾಷಣೆ ಬರೆದು ಹಾಸನದಲ್ಲಿರೋ ಗೆಳೆಯನಿಗೆ ಕಳಿಸಿದ್ದೆ. ಓದಿದವನೇ ಫೋನ್ ಮಾಡಿ, "ಲೋ, ಈಗ ಯಾರೋ ಹಿಂಗೆ ಮಾತಾಡ್ತಾರೆ? ನೀನು ಊರು ಬಿಟ್ಟ ದಿನಾನೇ ನಿನ್ನ ಕನ್ನಡ ನಿಂತು ಹೋಗಿದೆ" ಅಂದ.

ನಕ್ಕು ಫೋನ್ ಇಟ್ಟೆ, ಆದ್ರೆ ರಾತ್ರಿ ನಿದ್ದೆ ಬರಲಿಲ್ಲ. ಹೊರಗಿದ್ದುಕೊಂಡು ಕನ್ನಡದ ಮಾತು ಬರೆಯೋಕೆ ಆಗೋದೇ ಇಲ್ವಾ? ಈ ಪ್ರಶ್ನೆ ಇಟ್ಟುಕೊಂಡು ನಮ್ಮ ಸಿನಿಮಾದ ಹಳೇ ಕಥೆ ಕೆದಕಿದೆ.

ಮೊದಲನೇ ವಾಕ್ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಬಿಡುಗಡೆ ಆಯ್ತು. ಚಿತ್ರೀಕರಣ ಆಗಿದ್ದು ಎಲ್ಲಿ? ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿರ್ದೇಶಕ ವೈ.ವಿ. ರಾವ್ ತೆಲುಗಿನವರು, ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಮುಂತಾದ ಕಲಾವಿದರು ಅಲ್ಲಿಗೇ ಹೋಗಿ ನಟಿಸಿದರು. ಸಂಭಾಷಣೆ ಬೆಳ್ಳಾವೆ ನರಹರಿ ಶಾಸ್ತ್ರಿಗಳದ್ದು. ಅವರೂ ನಾಟಕದ ಕಡೆಯವರೇ. ಅಂದ್ರೆ ಕಂಪನಿ ನಾಟಕದ ಕನ್ನಡ ರೈಲು ಹತ್ತಿ ಮರಾಠಿ ಊರಿಗೆ ಹೋಗಿ ಮೈಕಿನ ಮುಂದೆ ನಿಂತಿತು. ದುಃಖದ ವಿಷಯ ಏನಂದ್ರೆ, ಆ ಚಿತ್ರದ ಒಂದು ಪ್ರಿಂಟೂ ಈಗ ಉಳಿದಿಲ್ಲ. ಪರದೆ ಮೇಲಿನ ಮೊದಲ ಕನ್ನಡ ಹೇಗೆ ಕೇಳಿಸ್ತಿತ್ತು ಅಂತ ತಿಳಿಯೋಕೆ ನಮಗೆ ದಾರಿ ಇಲ್ಲ.

ಆಮೇಲಿನದು ಮದ್ರಾಸಿನ ಕಾಲ. ಚೆನ್ನೈನಲ್ಲಿರೋರು ಕೋಡಂಬಾಕ್ಕಂ, ವಡಪಳನಿ ಕಡೆ ದಿನಾ ಓಡಾಡ್ತೀರಲ್ಲ, ಕನ್ನಡ ಚಿತ್ರರಂಗ ದಶಕಗಳ ಕಾಲ ಬದುಕಿದ್ದು ಅಲ್ಲೇ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಬಂತು, ಗುಬ್ಬಿ ಕಂಪನಿಯ ಮುತ್ತುರಾಜ್ ರಾಜಕುಮಾರ್ ಆದರು. ಅವರ ಸಂಸಾರವೂ ಅಲ್ಲೇ ಇತ್ತು. ಪುನೀತ್ ಹುಟ್ಟಿದ್ದು 1975ರಲ್ಲಿ, ಮದ್ರಾಸಿನಲ್ಲೇ.

ಆ ಕಾಲದ ಸಂಭಾಷಣೆಯನ್ನ ನಾವು ಈಗ ಗ್ರಾಂಥಿಕ ಅಂತ ಗೇಲಿ ಮಾಡ್ತೀವಿ. ನನಗೆ ಅನ್ನಿಸೋದು ಬೇರೆ. ಬೀದರ್‌ನವನಿಗೂ ಚಾಮರಾಜನಗರದವನಿಗೂ ಒಂದೇ ಮಾತು ಅರ್ಥ ಆಗಬೇಕಿತ್ತು. ಹೊರಗೆ ಬೀದಿಯಲ್ಲಿ ತಮಿಳು, ಸ್ಟುಡಿಯೋದಲ್ಲಿ ತೆಲುಗು, ತಮಿಳು ಎರಡೂ. ಯಾವ ಜಿಲ್ಲೆಗೂ ಸೇರದ ಒಂದು ಕನ್ನಡವನ್ನ ನಾಟಕದ ಅಡಿಪಾಯದ ಮೇಲೆ ಕಟ್ಟಿಕೊಂಡರು. ರಾಜಕುಮಾರ್ ಬಾಯಲ್ಲಿ ಅದು ಎಷ್ಟು ಸ್ವಚ್ಛವಾಗಿ ಬಂತು ಅಂದ್ರೆ ಕೃತಕ ಅನ್ನೋದೇ ಮರೆತು ಹೋಯ್ತು.

ಆ ಕನ್ನಡಕ್ಕೆ ಮನೆಯ ವಾಸನೆ ಹತ್ತಿದ್ದರಲ್ಲಿ ಪುಸ್ತಕಗಳ ಪಾಲು ದೊಡ್ಡದು. ಪುಟ್ಟಣ್ಣ ಕಣಗಾಲ್ 1967ರಲ್ಲಿ ತ್ರಿವೇಣಿಯವರ 'ಬೆಳ್ಳಿಮೋಡ' ತೆಗೆದರು. 1969ರಲ್ಲಿ ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ', 1971ರಲ್ಲಿ ಮತ್ತೆ ತ್ರಿವೇಣಿ, 'ಶರಪಂಜರ'. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು, ತಮ್ಮ ಪಾತ್ರಗಳು ಪರದೆ ಮೇಲೆ ಮಾತಾಡಿದ್ದನ್ನ ಅವರು ಕೇಳಲೇ ಇಲ್ಲ. ಆದ್ರೆ ಅಡುಗೆಮನೆ, ನಡುಮನೆಯ ಹೆಣ್ಣುಮಕ್ಕಳ ಮಾತು ಸಿನಿಮಾಕ್ಕೆ ಬಂದಿದ್ದು ಈ ಕಾದಂಬರಿಗಳ ಬಾಗಿಲಿಂದ.

ಇನ್ನು 'ಸಂಸ್ಕಾರ', 1970. ಕಾದಂಬರಿಯನ್ನ ಅನಂತಮೂರ್ತಿ ಬರೆದಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಪಿಎಚ್‌ಡಿ ಮಾಡ್ತಿದ್ದಾಗ. ಚಿತ್ರಕಥೆ ಬರೆದು ನಟಿಸಿದ ಗಿರೀಶ್ ಕಾರ್ನಾಡ್ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ನೌಕರಿಯಲ್ಲಿದ್ದವರು; ಆಫೀಸು ಒಂದು ಕಡೆ, ನಾಟಕ ಇನ್ನೊಂದು ಕಡೆ. ಮನೆಮಾತು ಕೊಂಕಣಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಸೆನ್ಸಾರ್ ಮೊದಲು ತಡೆಯಿತು, ಕೊನೆಗೆ ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು.

ಪುಣೆಯವನಾಗಿ ಗಿರೀಶ್ ಕಾಸರವಳ್ಳಿ ಅವರ ಬಗ್ಗೆ ಹೇಳದೆ ಬಿಡೋಕಾಗಲ್ಲ. ಅವರು ಓದಿದ್ದು ಮಣಿಪಾಲದಲ್ಲಿ ಬಿ.ಫಾರ್ಮ. ತರಬೇತಿಗೆ ಹೈದರಾಬಾದಿಗೆ ಹೋದರು, ಆಮೇಲೆ ಔಷಧಿ ಲೋಕ ಬಿಟ್ಟು ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಆ ಜಾಗ ಹಿಂದೆ ಪ್ರಭಾತ್ ಕಂಪನಿಯದ್ದು, ಅದು ಹುಟ್ಟಿದ್ದು ಮತ್ತೆ ಕೊಲ್ಲಾಪುರದಲ್ಲೇ! 1977ರ ಅವರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ ಬಂತು. ಆ ಚಿತ್ರದಲ್ಲಿ ನನಗೆ ನೆನಪಿರೋದು ಮಾತಿಗಿಂತ ಹೆಚ್ಚಾಗಿ ಮಾತಿಲ್ಲದ ಜಾಗಗಳು. ಪುಟ್ಟ ಹುಡುಗ ನಾಣಿ, ಯಮುನಕ್ಕನನ್ನ ನೋಡ್ತಾ ಸುಮ್ಮನೆ ನಿಂತಿರೋದು.

ಇಷ್ಟು ಓದಿ ನನ್ನ ಗೆಳೆಯನಿಗೆ ಫೋನ್ ಮಾಡಿ "ನೋಡಪ್ಪ, ಎಲ್ಲರೂ ಹೊರಗಿದ್ದೇ ಮಾಡಿದ್ದು" ಅನ್ನಬೇಕು ಅಂತಿದ್ದೆ. ಅನ್ನಲಿಲ್ಲ. ಯಾಕಂದ್ರೆ ಒಂದು ವ್ಯತ್ಯಾಸ ಇದೆ. ಕೊಲ್ಲಾಪುರಕ್ಕೆ ಹೋದವರು ವರ್ಷಗಟ್ಟಲೆ ರಂಗದ ಮೇಲೆ ಕನ್ನಡ ಆಡಿದ್ದವರು. ಮದ್ರಾಸಿನವರಿಗೆ ಸೆಟ್ ತುಂಬ ಕನ್ನಡದವರಿದ್ದರು. ಅನಂತಮೂರ್ತಿಯವರಿಗೆ ಹುಟ್ಟಿ ಬೆಳೆದ ಅಗ್ರಹಾರ ಕಿವಿಯಲ್ಲಿತ್ತು. ನನಗೆ? ಆಫೀಸಲ್ಲಿ ಇಂಗ್ಲಿಷ್, ಲಿಫ್ಟಲ್ಲಿ ಹಿಂದಿ, ತರಕಾರಿಯವರ ಹತ್ರ ಹರುಕುಮುರುಕು ಮರಾಠಿ. ಕನ್ನಡ ಅಂದ್ರೆ ದಿನಕ್ಕೆ ಹತ್ತು ನಿಮಿಷ ಅಮ್ಮನ ಫೋನು. ಗೆಳೆಯ ಹೇಳಿದ್ದು ಸುಳ್ಳಲ್ಲ.

ನನ್ನ ಸ್ಕ್ರಿಪ್ಟಲ್ಲಿ ತಾಯಿ ಹೇಳ್ತಾಳೆ: "ನೀನಿಲ್ಲದೆ ಮನೆಯೆಲ್ಲ ಖಾಲಿ ಎನಿಸುತ್ತಿದೆ ಮಗನೇ." ಮೊನ್ನೆ ನಮ್ಮಮ್ಮ ಫೋನಲ್ಲಿ ಹೇಳಿದ್ದು: "ನಿನ್ ರೂಮಲ್ಲಿ ಅಕ್ಕಿ ಚೀಲ ಇಟ್ಟಿದೀನಿ ಕಣೋ, ಬರೋದಿದ್ರೆ ಎರಡು ದಿನ ಮುಂಚೆ ಹೇಳು."

ನಾನು ಬರೆದ ಸಾಲು ಹೊಡೆದು ಹಾಕಿ ಅಮ್ಮನ ಸಾಲು ಸೇರಿಸಿದೆ. ಅದಕ್ಕೆ ಮಗ ಏನು ಉತ್ತರ ಕೊಡ್ತಾನೆ ಅಂತ ಇನ್ನೂ ಹೊಳೆದಿಲ್ಲ. ಬಹುಶಃ ಏನೂ ಹೇಳಲ್ಲ.

ಸ್ಕ್ರಿಪ್ಟ್ ಮತ್ತೆ ಹಾಸನಕ್ಕೆ ಕಳಿಸಿದೀನಿ. ಅವನು ಈ ಸಲ ಏನಂತಾನೋ, ಮುಂದಿನ ವಾರ ಹೇಳ್ತೀನಿ. ನಿಮ್ಮ ಮನೆಯಿಂದ ಫೋನಲ್ಲಿ ಕೇಳಿದ, ಯಾವ ಸಿನಿಮಾದಲ್ಲೂ ಬರದ ಒಂದು ಮಾತಿದ್ರೆ ಬರೆದಿಟ್ಟುಕೊಳ್ಳಿ. ಸಿಗೋಣ.