ರೋಗನಿದಾನವೂ ಜೈನ ವೈದ್ಯಗ್ರಂಥಗಳೂ

ಮದ್ದಿಗಿಂತ ಮೊದಲು ರೋಗದ ಪರಿಚಯವಾಗಬೇಕೆಂಬುದು ಆಯುರ್ವೇದದ ಮೂಲ ನಿಯಮ. ಇದಕ್ಕಾಗಿ ಪ್ರಾಚೀನರು ಐದು ಪದಗಳನ್ನು ಗೊತ್ತುಮಾಡಿದರು. ರೋಗದ ಕಾರಣವು ನಿದಾನ, ಮುನ್ಸೂಚನೆಯು ಪೂರ್ವರೂಪ, ಪ್ರಕಟವಾದ ಲಕ್ಷಣವು ರೂಪ, ಯಾವ ಆಹಾರ, ಔಷಧಗಳಿಂದ ಹಿತವಾಗುವುದೆಂದು ನೋಡುವುದು ಉಪಶಯ, ದೋಷವು ಕೆರಳಿ ರೋಗವಾಗಿ ಬೆಳೆಯುವ ಕ್ರಮವು ಸಂಪ್ರಾಪ್ತಿ. ಜ್ವರದಲ್ಲಿ ಆಕಳಿಕೆ, ಮೈನೋವು ಪೂರ್ವರೂಪವಾದರೆ ದೇಹದ ತಾಪವೇ ರೂಪ.

ವೈದ್ಯಶಾಸ್ತ್ರವನ್ನು ಜೈನಾಚಾರ್ಯರು ಪ್ರಾಣಾವಾಯವೆಂದು ಕರೆದು ದ್ವಾದಶಾಂಗದಲ್ಲಿಯೇ ಅದಕ್ಕೆ ಸ್ಥಾನವಿತ್ತರು. 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮದ್ಯಮಾಂಸಗಳಿಲ್ಲದೆಯೂ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿದರು. ಸಂಸ್ಕೃತವರಿಯದ ವೈದ್ಯರ ಪಾಡೇನು? 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದು ಆ ಕೊರತೆಯನ್ನು ನೀಗಿದನು. 14ನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿಯೇ ನಿರೂಪಿಸಿದನು.

ನಿದಾನವೆಂಬ ಶಬ್ದವು ಶ್ರಾವಕರಿಗೆ ಹೊಸದಲ್ಲ. ವ್ರತಫಲವಾಗಿ ಭೋಗವನ್ನು ಬಯಸುವುದೇ ಧರ್ಮಶಾಸ್ತ್ರದಲ್ಲಿ ನಿದಾನಶಲ್ಯ. ವೈದ್ಯನಿಗೆ ಶಲ್ಯವೆಂದರೆ ದೇಹದೊಳಗೆ ನೆಟ್ಟ ಮುಳ್ಳು, ಬಾಣದ ಮೊನೆ. ಎರಡೆಡೆಯಲ್ಲಿಯೂ ತಾತ್ಪರ್ಯ ಒಂದೇ: ಒಳಗಿರುವುದನ್ನು ಗುರುತಿಸದೆ ಹೊರಗಿನ ಲೇಪದಿಂದ ಗುಣವಾಗದು.