ಟವೆಲಿನ ಕೆಳಗಿನ ಬೆರಳು ಮತ್ತು ಹೊಸ ಮನೆಯ ದಲ್ಲಾಳಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಎತ್ತು ಮಾರುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ದಲ್ಲಾಳಿ. ಅವನು ಮಾರುವವನ ಕೈಯನ್ನು ಟವೆಲಿನ ಕೆಳಗೆ ಎಳೆದುಕೊಂಡು ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದರೆ ಎಷ್ಟು ಸಾವಿರ ಎಂಬ ಲೆಕ್ಕ ಅವರಿಬ್ಬರಿಗೇ ಗೊತ್ತು. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಅವನ ಬೆರಳು ಹಿಡಿಯುತ್ತಾನೆ. ಸುತ್ತ ನಿಂತ ನಮಗೆ ಕಾಣುವುದು ಟವೆಲ್ ಅಲುಗಾಡುವುದಷ್ಟೇ. ಎರಡೂ ಕಡೆಯ ಲೆಕ್ಕ ಗೊತ್ತಿರುವವನು ಅಲ್ಲಿ ದಲ್ಲಾಳಿ ಒಬ್ಬನೇ. ಅವನ ಬಂಡವಾಳವೂ ಅಷ್ಟೇ.

ಕಳೆದ ವರ್ಷ ನಮ್ಮ ಬಳಗದ ಗೆಳೆಯನೊಬ್ಬನ ಅಕ್ಕ ಮತ್ತು ಭಾವ ಯಲಹಂಕದಾಚೆ ಹೊಸ ಫ್ಲಾಟ್ ನೋಡಲು ಹೊರಟಾಗ ನಾವೂ ಮೂವರು ಕಾರಿನಲ್ಲಿ ಕೂತೆವು. ಫ್ಲಾಟ್ ತೋರಿಸಿದವನು ಬಿಲ್ಡರ್ ಅಲ್ಲ, ಒಬ್ಬ ಏಜೆಂಟ್. ಮಾತು ಸೊಗಸು, ಇಸ್ತ್ರಿ ಮಾಡಿದ ಅಂಗಿ. ಅವನ ಊರು ದೊಡ್ಡಬಳ್ಳಾಪುರದ ಹತ್ತಿರದ್ದೇ ಎಂದು ಗೊತ್ತಾದ ಮೇಲೆ ಭಾವನಿಗೆ ಅರ್ಧ ನಂಬಿಕೆ ಬಂದೇಬಿಟ್ಟಿತು.

‘ನಿಮ್ಮ ಕಮಿಷನ್ ಎಷ್ಟಪ್ಪಾ?’ ಎಂದು ಭಾವ ಕೇಳಿದರು.

‘ನಿಮ್ಮಿಂದ ಒಂದು ರೂಪಾಯಿನೂ ಬೇಡ ಸಾರ್. ಹೊಸ ಮನೆಗೆ ಬಿಲ್ಡರೇ ಕೊಡ್ತಾರೆ.’

ಭಾವ ಖುಷಿಯಾದರು. ಅಕ್ಕ ಮಾತ್ರ, ‘ಹಂಗಾದ್ರೆ ನೀವು ಯಾರ ಕಡೆಯೋರು?’ ಅಂದರು.

ಅವನು ನಕ್ಕ, ಲಿಫ್ಟ್ ಬಟನ್ ಒತ್ತಿದ. ಉತ್ತರ ಬರಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ನಾವು ಹಿಂದಕ್ಕೆ ಹೋದೆವು. ಹೊಸ ಮನೆಗೂ ಅದನ್ನು ಕೊಳ್ಳುವವರಿಗೂ ನಡುವೆ ಈ ಮನುಷ್ಯ ಯಾವಾಗ ಬಂದ?

ಮೊದಲು ಅವನಿಗೆ ಅಲ್ಲಿ ಜಾಗವೇ ಇರಲಿಲ್ಲ. ಬೆಂಗಳೂರಿನಲ್ಲಿ ಚಾಮರಾಜಪೇಟೆ ಆಗಿದ್ದು 1892ರಲ್ಲಿ. 1898ರಲ್ಲಿ ಪ್ಲೇಗ್ ಬಂದಾಗ ಹಳೇ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕಾಯಿತು. ಮಲ್ಲೇಶ್ವರ, ಬಸವನಗುಡಿ ಬೆಳೆದವು. ನಿವೇಶನ ಗುರುತು ಮಾಡಿ ಹಂಚಿದ್ದು ಸರ್ಕಾರ, ಮನೆ ಕಟ್ಟಿಕೊಂಡಿದ್ದು ಪಡೆದವರು. 1945ರಲ್ಲಿ ಸಿಐಟಿಬಿ ಎಂಬ ನಗರಾಭಿವೃದ್ಧಿ ಮಂಡಳಿ ಬಂತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅರ್ಜಿ ಹಾಕಬೇಕು, ಕಾಯಬೇಕು, ಹಂಚಿಕೆ ಪತ್ರ ಬಂದರೆ ದೇವರಿಗೆ ತುಪ್ಪದ ದೀಪ ಹಚ್ಚಬೇಕು. ‘ಸೈಟ್ ಸ್ಯಾಂಕ್ಷನ್ ಆಯ್ತು’ ಎಂಬ ಮಾತು ಮದುವೆ ನಿಶ್ಚಯವಾದಷ್ಟೇ ಸಂಭ್ರಮದ್ದಾಗಿತ್ತು ಎಂದು ನಮ್ಮ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ಈ ಕಾಲದಲ್ಲಿ ದಲ್ಲಾಳಿಗಳು ಇದ್ದದ್ದು ಬಾಡಿಗೆ ಮನೆಗೆ, ಹಳೇ ಮನೆಗೆ. ಹೊಸದಕ್ಕಲ್ಲ.

ಆದರೆ ಊರು ಬೆಳೆದಷ್ಟು ವೇಗದಲ್ಲಿ ಸರ್ಕಾರದ ನಿವೇಶನ ಬೆಳೆಯಲಿಲ್ಲ. 1976ರ ಕಾಯ್ದೆಯಿಂದ ಸಿಐಟಿಬಿ ಜಾಗಕ್ಕೆ ಬಿಡಿಎ ಬಂತು. ಅದರ ಹಂಚಿಕೆಗೆ ಒಂದು ಷರತ್ತಿತ್ತು: ಗುತ್ತಿಗೆಯ ಹತ್ತು ವರ್ಷ ಮುಗಿಯುವ ತನಕ ಪರಭಾರೆ ಮಾಡುವಂತಿಲ್ಲ. ದುಡ್ಡಿನ ತುರ್ತಿದ್ದವರು ಏನು ಮಾಡಬೇಕು? ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು, ಜೊತೆಗೊಂದು ಕರಾರು ಮಾಡಿ, ದುಡ್ಡು ಎಣಿಸಿಕೊಂಡು ಹೋಗುತ್ತಿದ್ದರು. ಜಿಪಿಎ ಎಂಬ ಮೂರಕ್ಷರ ಬೆಂಗಳೂರಿನ ಕನ್ನಡಕ್ಕೆ ಸೇರಿದ್ದು ಹೀಗೆ. ಮಾರಾಟವಲ್ಲದ ಈ ಮಾರಾಟಕ್ಕೆ ಗುಟ್ಟು ಕಾಯುವವನೊಬ್ಬ ಬೇಕಿತ್ತು. ಜಿಪಿಎ ಕಾಗದದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು 2011ರ ಅಕ್ಟೋಬರಿನಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಎರಡನೇ ತಲೆಮಾರು ಓಡಾಡುತ್ತಿತ್ತು.

ಹಳ್ಳಿಯ ಕಡೆ ಇನ್ನೊಂದು ಬಾಗಿಲು ತೆರೆದಿತ್ತು. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ರೈತನಲ್ಲದವನು, ಹೆಚ್ಚು ಆದಾಯವಿದ್ದವನು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 79ಎ, 79ಬಿ ಎಂದು ಎಲ್ಲರ ಬಾಯಲ್ಲೂ ಇದ್ದ ಕಲಮುಗಳು. ಅವು ರದ್ದಾದದ್ದು 2020ರಲ್ಲಿ. ನಡುವಿನ ದಶಕಗಳಲ್ಲಿ ಪೇಟೆಯ ದುಡ್ಡಿಗೆ ಹಳ್ಳಿಯ ಹೆಸರೊಂದು ಬೇಕಾಗುತ್ತಿತ್ತು. ಪಹಣಿ ಓದಬಲ್ಲ, ಯಾರ ಮನೆಯಲ್ಲಿ ಭಾಗದ ಜಗಳವಿದೆ, ಯಾರ ಮಗಳ ಮದುವೆ ಹತ್ತಿರವಿದೆ ಎಂದು ಬಲ್ಲ ಊರಿನವನೇ ಬೇಕಾಗುತ್ತಿತ್ತು. ನಿನ್ನೆ ದನದ ವ್ಯಾಪಾರ ಕುದುರಿಸುತ್ತಿದ್ದವನು ಇವತ್ತು ಎಕರೆ ಕುದುರಿಸತೊಡಗಿದ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಹಾರಿದ ಮೇಲಂತೂ ಆ ಭಾಗದ ಟೀ ಅಂಗಡಿಗಳಲ್ಲಿ ರಾಗಿಯ ಮಾತಿಗಿಂತ ಗುಂಟೆಯ ಮಾತೇ ಜಾಸ್ತಿಯಾಯಿತು. ನಮ್ಮ ಜೊತೆ ಓದಿದ ಇಬ್ಬರ ಮನೆಗಳಲ್ಲಿ ಜಮೀನು ಹೋದದ್ದು ಹೀಗೆಯೇ. ದಲ್ಲಾಳಿ ಹೊರಗಿನವನಲ್ಲ, ಒಬ್ಬನಿಗೆ ಚಿಕ್ಕಪ್ಪ, ಇನ್ನೊಬ್ಬನಿಗೆ ದೊಡ್ಡಮ್ಮನ ಮಗ.

ದಲ್ಲಾಳಿ ಎಷ್ಟು ಎತ್ತರಕ್ಕೆ ಏರಬಲ್ಲ ಎಂದು ನಮಗೆ ಗೊತ್ತಾದದ್ದು ಗೃಹನಿರ್ಮಾಣ ಸಹಕಾರ ಸಂಘಗಳ ತೀರ್ಪುಗಳನ್ನು ಓದುವಾಗ. ಕಾರ್ಖಾನೆ, ಕಚೇರಿ, ಬ್ಯಾಂಕು ಎಂದು ನೌಕರರು ಸಂಘ ಕಟ್ಟಿಕೊಂಡು, ಸರ್ಕಾರದಿಂದ ಜಮೀನು ಸ್ವಾಧೀನ ಮಾಡಿಸಿ, ಬಡಾವಣೆ ಮಾಡಿ ಸದಸ್ಯರಿಗೆ ಹಂಚುವ ಏರ್ಪಾಡು ಅದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಆದರೆ ಎಚ್‌ಎಂಟಿ ನೌಕರರ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ 1995ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟಿನ ಮುಂದೆ ಬಂದ ಸಂಗತಿ ಬೇರೆಯೇ ಆಗಿತ್ತು. ಸರ್ಕಾರದಿಂದ ಸ್ವಾಧೀನದ ಅಧಿಸೂಚನೆ ಹೊರಡಿಸಿಕೊಡಲು ಸಂಘ ಮಧ್ಯವರ್ತಿಯೊಬ್ಬನ ಜೊತೆ ಕರಾರು ಮಾಡಿಕೊಂಡು ಹಣ ಕೊಟ್ಟಿತ್ತು. ಕದ್ದುಮುಚ್ಚಿ ಅಲ್ಲ, ಬರಹದಲ್ಲಿ! ಕೋರ್ಟು ಆ ಸ್ವಾಧೀನವನ್ನೇ ಒಪ್ಪಲಿಲ್ಲ, ಜಮೀನು ಮೂಲ ಮಾಲೀಕರಿಗೆ ಮರಳಬೇಕೆಂದಿತು. 2012ರಲ್ಲಿ ಬೆಂಗಳೂರು ಸಿಟಿ ಸಹಕಾರ ಗೃಹನಿರ್ಮಾಣ ಸಂಘದ ಪ್ರಕರಣದಲ್ಲೂ ಇಂಥದೇ ಏಜೆಂಟ್ ಕರಾರು ಬೆಳಕಿಗೆ ಬಂದು ಅದೇ ಗತಿಯಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಾತ್ರೆಯ ದಲ್ಲಾಳಿ ಎತ್ತಿನವನ ಬೆರಳು ಹಿಡಿದ. ಇವರು ಟವೆಲಿನ ಕೆಳಗೆ ಸರ್ಕಾರದ ಬೆರಳನ್ನೇ ಹಿಡಿದರು. ನಷ್ಟ ಆದದ್ದು ಯಾರಿಗೆ? ಮೊದಲು, ಸಾರ್ವಜನಿಕ ಉದ್ದೇಶ ಎಂಬ ಹೆಸರಿನಲ್ಲಿ ಹೊಲ ಬಿಟ್ಟುಕೊಟ್ಟ ರೈತನಿಗೆ. ಆಮೇಲೆ, ಇಂಥ ಬಡಾವಣೆಯಲ್ಲಿ ಪಿಎಫ್ ಸಾಲ ತೆಗೆದು ಸೈಟಿಗೆ ದುಡ್ಡು ಕಟ್ಟಿ, ಕೋರ್ಟಿನ ಮೆಟ್ಟಿಲಲ್ಲಿ ಕೂರಬೇಕಾದ ನೌಕರನಿಗೆ. ನಡುವಿನವನ ಪಾಲು ಮುಂಚೆಯೇ ಸಂದಾಯವಾಗಿತ್ತು.

ಈ ನಡುವೆ ಮನೆಯ ರೂಪವೇ ಬದಲಾಯಿತು. ಸೈಟು ಕೊಂಡು ಕಟ್ಟಿಸಿಕೊಳ್ಳುವ ಬದಲು ಕಟ್ಟಿದ ಫ್ಲಾಟನ್ನೇ, ಹಲವು ಸಲ ಇನ್ನೂ ಕಟ್ಟದ ಫ್ಲಾಟನ್ನೇ, ಕೊಳ್ಳುವುದು ಬಂತು. ಕರ್ನಾಟಕ 1972ರಲ್ಲೇ ಫ್ಲಾಟುಗಳ ಬಗ್ಗೆ ಎರಡು ಕಾಯ್ದೆ ಮಾಡಿತ್ತು, ಮಾರಾಟದ ರೀತಿರಿವಾಜಿಗೆ ಒಂದು, ಒಡೆತನಕ್ಕೆ ಒಂದು. ಮಾರಾಟದ ಕಾಯ್ದೆಯ ಕಣ್ಣು ಇದ್ದದ್ದು ಕಟ್ಟಿಸಿ ಮಾರುವವನ ಮೇಲೆ. ಕಟ್ಟಿಕೊಡುವುದೂ ಒಂದು ಸೇವೆ, ಅದು ಕೆಟ್ಟರೆ ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1993ರಲ್ಲಿ. ಆದರೂ ಮನೆ ತೋರಿಸಿ ಮಾತು ಕೊಟ್ಟವನು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಇದು. ಕರ್ನಾಟಕದ ಎಪಿಎಂಸಿ ಕಾಯ್ದೆ 1966ರದು. ಮಂಡಿಯಲ್ಲಿ ಕೂತು ರೈತನ ಮೆಕ್ಕೆಜೋಳ, ಮೆಣಸಿನಕಾಯಿ ಮಾರಿಸಿಕೊಡುವ ದಲ್ಲಾಳನಿಗೆ ಆ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಕಮಿಷನ್ನನ್ನು ರೈತನಿಂದ ಹಿಡಿಯುವಂತಿಲ್ಲ, ಕೊಳ್ಳುವವನಿಂದಲೇ ಪಡೆಯಬೇಕು. ಬಿಳಿ ಚೀಟಿ ವ್ಯವಹಾರ ನಡೆಯುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಎಷ್ಟೋ ಮಂಡಿಗಳಲ್ಲಿ ನಡೆಯುತ್ತದೆ, ನಮ್ಮ ಅಪ್ಪಂದಿರೇ ಅನುಭವಿಸಿದ್ದಾರೆ. ಆದರೆ ತಪ್ಪು ಎನ್ನಲು ಒಂದು ನಿಯಮವಾದರೂ ಇತ್ತು. ಒಂದು ಚೀಲ ಜೋಳಕ್ಕೆ ಕಟ್ಟುಪಾಡಿದ್ದ ನಾಡಿನಲ್ಲಿ, ಒಂದು ಕುಟುಂಬದ ಇಪ್ಪತ್ತು ವರ್ಷದ ಸಂಬಳಕ್ಕೆ ಸಮನಾದ ಮನೆಯನ್ನು ಯಾರು ಬೇಕಾದರೂ ತೋರಿಸಿ, ಏನು ಬೇಕಾದರೂ ಹೇಳಿ ಮಾರಿಸಬಹುದಿತ್ತು. ಇದು ಐವತ್ತು ವರ್ಷ ನಡೆಯಿತು.

2016ರಲ್ಲಿ ಸಂಸತ್ತು ರೇರಾ ಕಾಯ್ದೆ ಮಾಡಿತು. ಅದರ ಮುಖ್ಯ ಕಲಮುಗಳು 2017ರ ಮೇ 1ರಿಂದ ಜಾರಿಗೆ ಬಂದವು, ಕರ್ನಾಟಕದ ನಿಯಮಗಳು ಅದೇ ಜುಲೈನಲ್ಲಿ. ಬಿಲ್ಡರ್ ಬಗ್ಗೆ ಅದರಲ್ಲಿರುವುದನ್ನು ಪತ್ರಿಕೆಗಳು ಬೇಕಾದಷ್ಟು ಬರೆದವು: ಕೊಂಡವರಿಂದ ಬಂದ ಹಣದಲ್ಲಿ ಶೇ. 70ರಷ್ಟು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿರಬೇಕು, ಕರಾರು ನೋಂದಣಿಯಾಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯಬಾರದು, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಏಜೆಂಟನ ಬಗ್ಗೆ ಇರುವ 9 ಮತ್ತು 10ನೇ ಕಲಮುಗಳನ್ನು ಹೆಚ್ಚು ಜನ ಓದಿಲ್ಲ. ಬ್ರೋಕರ್, ಮಧ್ಯವರ್ತಿ, ಡೀಲರ್ ಎಂದು ಹೆಸರು ಏನೇ ಇರಲಿ, ರೇರಾ ನೋಂದಣಿಯಾದ ಯೋಜನೆಯಲ್ಲಿ ಮನೆ ಮಾರಿಸಬೇಕಾದರೆ ಅವನೂ ನೋಂದಣಿ ಮಾಡಿಸಿರಬೇಕು. ನೋಂದಣಿಯಾಗಬೇಕಿದ್ದೂ ಆಗದ ಯೋಜನೆಗೆ ಗಿರಾಕಿ ತರಬಾರದು. ಲೆಕ್ಕಪತ್ರ ಇಡಬೇಕು. ಇಲ್ಲದ ಅನುಮತಿ, ಇಲ್ಲದ ಸೌಲಭ್ಯ ಇದೆ ಎಂದು ಹೇಳಬಾರದು. ಬುಕಿಂಗ್ ಹೊತ್ತಿನಲ್ಲಿ ಕೊಳ್ಳುವವನಿಗೆ ಸಲ್ಲಬೇಕಾದ ದಾಖಲೆಗಳು ಸಿಗುವಂತೆ ಮಾಡಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ, ಅದು ಬೆಲೆಯ ಶೇ. 5ರವರೆಗೂ ಏರಬಹುದು.

ಹಾಗೆ ಟವೆಲ್ ಅರ್ಧ ಸರಿಯಿತು. ಅರ್ಧ ಮಾತ್ರ. ಏಕೆಂದರೆ ಬಿಲ್ಡರ್ ಅವನಿಗೆ ಎಷ್ಟು ಕೊಡುತ್ತಾನೆ ಎಂಬುದನ್ನು ಕೊಳ್ಳುವವನಿಗೆ ಯಾರೂ ತಾವಾಗಿ ಹೇಳುವುದಿಲ್ಲ. ಹಳೇ ಮನೆಯ ವ್ಯಾಪಾರದಲ್ಲಿ ಶೇ. 1 ಅಥವಾ 2 ಎಂದು ಬಾಯಿಬಿಟ್ಟು ಕೇಳುತ್ತಾರೆ, ನಾವು ಚೌಕಾಸಿ ಮಾಡುತ್ತೇವೆ. ಹೊಸ ಮನೆಯಲ್ಲಿ ಅದು ಬೆಲೆಯೊಳಗೇ ಸೇರಿಕೊಂಡಿರುತ್ತದೆ, ಪುಕ್ಕಟೆಯಂತೆ ಕಾಣುತ್ತದೆ. ಬಿಲ್ಡರುಗಳು ಇವರನ್ನು ಏಜೆಂಟ್ ಎನ್ನುವುದೂ ಇಲ್ಲ, ‘ಚಾನೆಲ್ ಪಾರ್ಟ್‌ನರ್’ ಅನ್ನುತ್ತಾರೆ. ಪಾರ್ಟ್‌ನರ್ ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಯೋಜನೆ ತೋರಿಸಿ ಒಂದನ್ನು ಹೊಗಳಿದರೆ, ಅದು ಗಟ್ಟಿ ಕಟ್ಟಡವೋ ಹೆಚ್ಚು ಕಮಿಷನ್ನಿನದೋ ಹೇಳುವುದು ಕಷ್ಟ.

ಇಷ್ಟು ಹೇಳಿ ಅವರನ್ನೆಲ್ಲ ಕಳ್ಳರ ಸಾಲಿಗೆ ಸೇರಿಸಿದರೆ ಅನ್ಯಾಯವಾಗುತ್ತದೆ. ಊರಿಂದ ಬಂದು ಎಲ್ಲಿ ಕಾವೇರಿ ನೀರು ಬರುತ್ತದೆ, ಎಲ್ಲಿ ಬೇಸಿಗೆಯಿಡೀ ಟ್ಯಾಂಕರ್ ಎಂದು ಗೊತ್ತಿಲ್ಲದವನಿಗೆ ಅದನ್ನು ಹೇಳುವವರು ಅವರೇ. ಎ ಖಾತಾ, ಬಿ ಖಾತಾ, ಇ-ಸ್ವತ್ತು, ಋಣಭಾರ ಪತ್ರ ಎಂದು ನಾಲ್ಕು ಕಚೇರಿ ಅಲೆಯಲು ರಜೆ ಇಲ್ಲದವನ ಪರವಾಗಿ ಅಲೆಯುವವರೂ ಅವರೇ. ದಲ್ಲಾಳಿ ಎಂಬುದು ಅರಬ್ಬಿಯ ದಲ್ಲಾಲ್‌ನಿಂದ ಬಂದದ್ದು, ದಾರಿ ತೋರಿಸುವುದು ಎಂಬ ಧಾತುವಿನ ಮಾತು. ನಮಗೆ ಗೊತ್ತಿರುವ ಕೆಲವರು ಹೊಲ ಮಾರಿದ ಮನೆಗಳ ಮಕ್ಕಳು. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಎದ್ದ ಕಟ್ಟಡದ ಏಳನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ‘ವ್ಯೂ ನೋಡಿ ಮೇಡಂ’ ಎನ್ನುತ್ತಾರೆ. ಆ ಮಾತು ಹೇಳುವಾಗ ಅವರಿಗೆ ಏನನ್ನಿಸುತ್ತದೆ ಎಂದು ಕೇಳುವ ಧೈರ್ಯ ನಮಗಿನ್ನೂ ಬಂದಿಲ್ಲ.

ಯಲಹಂಕದಾಚೆಯ ಫ್ಲಾಟಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ‘ಇನ್ನೆರಡು ತಿಂಗಳಲ್ಲಿ ಓಸಿ ಬರುತ್ತೆ, ಇವತ್ತೇ ಟೋಕನ್ ಹಾಕಿ, ಸೋಮವಾರ ರೇಟ್ ಏರುತ್ತೆ’ ಎಂದ ಏಜೆಂಟ್. ಅಕ್ಕ ಪರ್ಸ್ ತೆರೆಯಲಿಲ್ಲ. ರಾತ್ರಿ ಊಟವಾದ ಮೇಲೆ ನಾವೆಲ್ಲ ಕೂತು ರಾಜ್ಯದ ರೇರಾ ಜಾಲತಾಣ ತೆರೆದೆವು. ಯೋಜನೆ ನೋಂದಣಿಯಾಗಿತ್ತು, ಆದರೆ ಬಿಲ್ಡರ್ ಬರೆದುಕೊಟ್ಟ ಪೂರ್ಣಗೊಳ್ಳುವ ದಿನಾಂಕ ಏಜೆಂಟ್ ಹೇಳಿದ್ದಕ್ಕಿಂತ ಹದಿನಾಲ್ಕು ತಿಂಗಳು ಮುಂದಿತ್ತು. ಏಜೆಂಟರ ಪಟ್ಟಿಯಲ್ಲಿ ಅವನ ಹೆಸರು ಹುಡುಕಿದೆವು, ಸಿಗಲಿಲ್ಲ. ಭಾವ ಬೆಳಿಗ್ಗೆ ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿದರು. ‘ನಮ್ಮ ಸಾರ್ ಹೆಸರಲ್ಲಿದೆ, ಕಳಿಸ್ತೀನಿ’ ಎಂದವನು ಕಳಿಸಲಿಲ್ಲ.

ಹದಿನೈದು ದಿನ ಬಿಟ್ಟು ಅವರು ಹೆಸರಘಟ್ಟದ ಕಡೆ ಇನ್ನೊಂದು ಕಟ್ಟಡಕ್ಕೆ ಹೋದರು. ಅದು ಪೂರ್ತಿ ಮುಗಿದು, ಓಸಿ ಬಂದು, ಆರು ಕುಟುಂಬ ವಾಸಕ್ಕೂ ಬಂದಿದ್ದ ಕಟ್ಟಡ. ಸೇಲ್ಸ್ ಆಫೀಸಿನ ಹುಡುಗಿ ಸಂದರ್ಶಕರ ಪುಸ್ತಕ ಮುಂದಿಟ್ಟಳು. ಹೆಸರು, ಫೋನ್ ನಂಬರ್, ಕೊನೆಗೆ ‘ಯಾರ ಮೂಲಕ ಬಂದಿರಿ’ ಎಂಬ ಕಾಲಂ. ಅಲ್ಲಿ ಯಾರ ಹೆಸರು ಬೀಳುತ್ತದೋ ಕಮಿಷನ್ ಅವರ ಲೆಕ್ಕಕ್ಕೆ. ನೇರ ಬಂದರೆ ಬೆಲೆ ಕಮ್ಮಿ ಮಾಡ್ತೀರಾ ಎಂದು ಅಕ್ಕ ಕೇಳಿದರು. ಹುಡುಗಿ ಮ್ಯಾನೇಜರ್ ಮುಖ ನೋಡಿದಳು. ಮ್ಯಾನೇಜರ್, ‘ರೇಟ್ ಎಲ್ಲರಿಗೂ ಒಂದೇ ಮೇಡಂ’ ಅಂದರು. ಅಕ್ಕ ಆ ಕಾಲಂ ಖಾಲಿ ಬಿಟ್ಟು, ಪುಸ್ತಕ ತಿರುಗಿಸಿ ಅವರ ಮುಂದೆ ಇಟ್ಟು, ‘ಹಂಗಾದ್ರೆ ಕಾರ್ ಪಾರ್ಕಿಂಗ್ ದುಡ್ಡಿನ ವಿಷಯ ಮಾತಾಡೋಣ’ ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು.